ಸಿಕ್ಕಿದ್ದು ನಮ್ಮದಾ?

ಇವತ್ತು ರಾಜಕೀಯ ಬಿಡೋಣ. ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ನೀವು ರಸ್ತೆಯಲ್ಲಿ ಹೋಗ್ತಿದ್ದೀರಿ. ಒಂದು ಪರ್ಸ್ ಬಿದ್ದಿದೆ. ತೆಗೆದು ನೋಡಿದ್ರೆ ಒಳಗೆ ಇಪ್ಪತ್ತು ಸಾವಿರ ರೂಪಾಯಿ. ಸುತ್ತ ಯಾರೂ ಇಲ್ಲ. ಸಿಸಿಟಿವಿ ಕ್ಯಾಮೆರಾನೂ ಇಲ್ಲ. ಏನು ಮಾಡ್ತೀರಿ?

ವಾಪಸ್ ಕೊಡ್ತೀವಿ ಅಂತ ಟಿವಿ ಮುಂದೆ ಕೂತವರೆಲ್ಲ ಹೇಳ್ತೀರಿ. ಸಂತೋಷ. ಹಾಗಾದ್ರೆ ಎರಡನೇ ಪ್ರಶ್ನೆ. ಯಾರಿಗೆ ಕೊಡ್ತೀರಿ? ಎಲ್ಲಿ ಕೊಡ್ತೀರಿ? ಯಾವಾಗ ಕೊಡ್ತೀರಿ? ಇಲ್ಲಿಗೆ ಬಂದಾಗ ನಮ್ಮ ದನಿ ಸ್ವಲ್ಪ ಇಳಿಯುತ್ತೆ. ಇವತ್ತಿನ ನನ್ನ ಮಾತೆಲ್ಲ ಈ ಎರಡನೇ ಪ್ರಶ್ನೆಯ ಬಗ್ಗೆ.

ಇದು ಸ್ಟುಡಿಯೋದಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಹೊಳಲಿನಲ್ಲಿ ಕೇಳಿ ಬಂದದ್ದು. ವಿಜಯನಗರ ಜಿಲ್ಲೆ, ಹೂವಿನಹಡಗಲಿ ತಾಲೂಕಿನ ಊರು ಹೊಳಲು. ಅನಂತಶಯನನ ಮೂರ್ತಿ ಇರುವ ಊರು. ಅಲ್ಲಿಂದ ಮೈಲಾರ ದೂರವೇನಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರಲಿಂಗೇಶ್ವರನ ಜಾತ್ರೆ. ಗೊರವಪ್ಪ ಬಿಲ್ಲು ಏರಿ ಕಾರ್ಣಿಕ ನುಡಿಯೋದನ್ನ ಕೇಳೋಕೆ ಲಕ್ಷಾಂತರ ಜನ ಸೇರ್ತಾರೆ. ಬಂಡಿ, ಟ್ರ್ಯಾಕ್ಟರ್, ಬಸ್ಸು, ಕಾಲ್ನಡಿಗೆ, ಯಾವುದೂ ಉಳಿಯಲ್ಲ. ಇಷ್ಟು ಜನ ಸೇರಿದ ಕಡೆ ವಸ್ತು ಕಳೆಯೋದು ಸಹಜ. ಕಾಲುಂಗುರ ಜಾರುತ್ತೆ, ಮೊಬೈಲ್ ಬೀಳುತ್ತೆ, ಸೊಂಟಕ್ಕೆ ಸಿಗಿಸಿದ ರೊಕ್ಕದ ಚೀಲ ಬಿಚ್ಚಿಕೊಳ್ಳುತ್ತೆ.

ಹೊಳಲಿನ ಒಂದು ಚಹಾದ ಅಂಗಡಿ ಮುಂದೆ ನಾಲ್ಕಾರು ಜನ ಕೂತಿದ್ರು. ಜಾತ್ರೆಯ ಮಾತು ಬಂತು, ಕಳೆದುಕೊಂಡವರ ಮಾತು ಬಂತು. ಬಿದ್ದ ರೊಕ್ಕ ಸಿಕ್ಕರೆ ಏನು ಮಾಡ್ತೀರಿ ಅಂತ ಕೇಳಿದೆ.

ಒಬ್ಬ ಹಿರಿಯರು ಅಂದ್ರು: "ನಾ ಅಂತೂ ಮೈಲಾರಪ್ಪನ ಹುಂಡಿಗೆ ಹಾಕಿಬಿಡ್ತೀನ್ರೀ. ಮಂದಿ ರೊಕ್ಕ ಮನಿಗೆ ಬ್ಯಾಡ."

ಪಕ್ಕದಲ್ಲಿದ್ದ ಹುಡುಗ ನಕ್ಕ. "ಸ್ಟೇಷನ್‌ಗೆ ಕೊಡಾಕ ಹೋದ್ರ ನಮ್ಮನ್ನ ಕುಂದ್ರಿಸಿ ಕೇಳ್ತಾರ್ರೀ ಸರ, ಇದರಾಗ ಇನ್ನೂ ಎಷ್ಟಿತ್ತು, ಉಳಿದದ್ದು ಎಲ್ಲಿ ಅಂತ. ಯಾಕ್ ಬೇಕು ಆ ಉಸಾಬರಿ?"

ಮಲ್ಲಿಗೆ ಮಾಲೆ ಕಟ್ಟುತ್ತಾ ಕೂತಿದ್ದ ಒಬ್ಬ ತಾಯಿ ತಲೆ ಎತ್ತದೆ ಒಂದೇ ಮಾತು ಹೇಳಿದ್ರು: "ಕಳಕೊಂಡಾಕಿ ಅಲ್ಲೆ ಕುಂತು ಅಳಾಕತ್ತಿರ್ತಾಳಲ್ರೀ. ಅಕಿನ ಯಾರೂ ನೆನಸೂದಿಲ್ಲ."

ನಾನು ಎಷ್ಟೋ ಚರ್ಚೆ ನಡೆಸಿದ್ದೀನಿ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ವಿಷಯಕ್ಕೆ ಬಂದವರು ಕಡಿಮೆ.

ಈಗ ಈ ಮಾತುಗಳನ್ನ ಒಂದೊಂದಾಗಿ ನೋಡೋಣ. ಸಿಕ್ಕಿದ ದುಡ್ಡಿಗೆ ನಮ್ಮಲ್ಲಿ ಮೂರು ದಾರಿ. ಒಂದು ಜೇಬು, ಒಂದು ಹುಂಡಿ, ಒಂದು ಠಾಣೆ. ಜೇಬಿಗೆ ಹಾಕಿಕೊಳ್ಳೋದು ತಪ್ಪು ಅಂತ ಎಲ್ಲರಿಗೂ ಗೊತ್ತು. ಠಾಣೆ ಅಂದ್ರೆ ಭಯ. ಆದ್ದರಿಂದ ಸಾವಿರಾರು ಒಳ್ಳೆಯ ಜನ ನಡುವಿನ ದಾರಿ ಹಿಡೀತಾರೆ, ಹುಂಡಿ. ಕೈಯೂ ಚೊಕ್ಕ, ಮನಸ್ಸೂ ಹಗುರ. ಆದ್ರೆ ಒಂದು ನಿಮಿಷ ಯೋಚನೆ ಮಾಡಿ. ಆ ಹಣ ದೇವರದ್ದೂ ಅಲ್ಲ, ನಿಮ್ಮದೂ ಅಲ್ಲ. ಯಾರೋ ಮೆಕ್ಕೆಜೋಳ ಮಾರಿ ತಂದಿದ್ದ ದುಡ್ಡು ಇರಬಹುದು. ಮಗಳ ಫೀಸು ಇರಬಹುದು. ಇನ್ನೊಬ್ಬರ ಹಣದಲ್ಲಿ ನಾವು ದೇವರಿಗೆ ಕಾಣಿಕೆ ಕೊಟ್ಟು ಪುಣ್ಯ ತಗೊಂಡು ಬಂದ ಹಾಗಾಯ್ತು. ಕಳೆದುಕೊಂಡವಳ ಪಾಲಿಗೆ ಜೇಬಿಗೂ ಹುಂಡಿಗೂ ಏನು ವ್ಯತ್ಯಾಸ? ಎರಡು ಕಡೆಯಿಂದಲೂ ಅವಳಿಗೆ ವಾಪಸ್ ಬರಲ್ಲ. ಹಿರಿಯರ ಭಕ್ತಿಗೆ ನನ್ನ ನಮಸ್ಕಾರ. ಆದ್ರೆ ಹುಂಡಿಗೆ ಹಾಕೋ ಮೊದಲು ಯಜಮಾನನನ್ನ ಹುಡುಕಬೇಕು.

ಕಾನೂನು ಏನು ಹೇಳುತ್ತೆ? ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 403ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 314ನೇ ಕಲಂ. ಬೇರೆಯವರ ಸೊತ್ತನ್ನ ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು, ಜೊತೆಗೆ ದಂಡ. ಕಾನೂನಿನ ಪುಸ್ತಕ ಅಂದ್ರೆ ಒಣ ಭಾಷೆ ಅಂದುಕೊಂಡಿರ್ತೀವಿ. ಈ ಕಲಂನಲ್ಲಿ ಸಣ್ಣ ಸಣ್ಣ ಕತೆಗಳೇ ಇವೆ.

ಒಬ್ಬನಿಗೆ ದಾರಿಯಲ್ಲಿ ಒಂದು ರೂಪಾಯಿ ಸಿಗುತ್ತೆ. ಯಾರದು ಅಂತ ಗೊತ್ತಿಲ್ಲ. ಎತ್ತಿಕೊಳ್ತಾನೆ. ಅದು ಅಪರಾಧ ಅಲ್ಲ. ಇನ್ನೊಬ್ಬನಿಗೆ ಬೆಲೆಬಾಳುವ ಉಂಗುರ ಸಿಗುತ್ತೆ. ಯಾರದು ಅಂತ ಹುಡುಕುವ ಪ್ರಯತ್ನವನ್ನೇ ಮಾಡದೆ ಕೂಡಲೇ ಮಾರಿಬಿಡ್ತಾನೆ. ಅದು ಅಪರಾಧ. ಮೂರನೆಯದನ್ನ ಗಮನವಿಟ್ಟು ಕೇಳಿ. ಒಬ್ಬ ವ್ಯಕ್ತಿಯ ಪರ್ಸ್ ಬೀಳೋದನ್ನ ಇನ್ನೊಬ್ಬ ನೋಡ್ತಾನೆ. ವಾಪಸ್ ಕೊಡಬೇಕು ಅಂತಲೇ ಎತ್ತಿಕೊಳ್ತಾನೆ. ಆಮೇಲೆ ಮನಸ್ಸು ಬದಲಾಗಿ ತಾನೇ ಇಟ್ಟುಕೊಳ್ತಾನೆ. ಅವನೂ ಅಪರಾಧಿ.

ಈ ಮೂರನೇ ಕತೆ ಬರೆದವರಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಬಹಳಷ್ಟು ಜನ ಕಳ್ಳರಲ್ಲ. ಎತ್ತಿಕೊಂಡ ಮೇಲೆ ಕೆಲಸ ಶುರುವಾಗುತ್ತೆ. ಮೊದಲ ಗಂಟೆ ಅದು "ಯಾರದೋ ಪಾಪ". ಸಂಜೆ ಹೊತ್ತಿಗೆ "ನಾಳೆ ನೋಡೋಣ". ಮೂರನೇ ದಿನ "ಇಷ್ಟು ದಿನ ಯಾರೂ ಕೇಳಿಲ್ಲವಲ್ಲ". ವಾರ ಕಳೆದ್ರೆ "ದೇವರೇ ಕೊಟ್ಟಿದ್ದು". ಯಾರೂ ಒಮ್ಮೆಲೇ ಕೆಡಲ್ಲ. ದಿನಕ್ಕೊಂದು ಹೆಜ್ಜೆ ಕೆಡ್ತಾರೆ. ಅದಕ್ಕೇ ನಾನು ಕೇಳಿದ್ದು, ಯಾವಾಗ ಕೊಡ್ತೀರಿ ಅಂತ. ಇವತ್ತು ಕೊಡಬೇಕಾದ್ದನ್ನ ನಾಳೆಗೆ ಇಟ್ಟುಕೊಂಡರೆ ಕೊಡೋದು ಕಷ್ಟವಾಗುತ್ತಾ ಹೋಗುತ್ತೆ.

ನಮ್ಮ ಶರಣರು ಇದನ್ನ ಎಂಟುನೂರು ವರ್ಷಕ್ಕೂ ಹಿಂದೆಯೇ ಹೇಳಿದ್ದಾರೆ. 12ನೇ ಶತಮಾನದ ಶರಣೆ ಸತ್ಯಕ್ಕ. ಆಕೆ ಒಂದು ವಚನದಲ್ಲಿ ಆಣೆ ಮಾಡ್ತಾಳೆ. ಲಂಚಕ್ಕೆ ಕೈ ಒಡ್ಡಲ್ಲ ಅಂತಾಳೆ, ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೆ ಕೈಯಿಂದ ಮುಟ್ಟಿ ಎತ್ತಲ್ಲ ಅಂತಾಳೆ. ಲಂಚವನ್ನೂ ಬಿದ್ದ ಹೊನ್ನನ್ನೂ ಆಕೆ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದನ್ನ ಗಮನಿಸಿ. ಎರಡೂ ದುಡಿಯದೆ ಬಂದದ್ದು.

ಇನ್ನು ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಬದುಕುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚು ಸಿಗಲಿ ಅಂತ ಬಸವಣ್ಣನವರೇ ಚೆಲ್ಲಿಸಿದ್ದರು ಅನ್ನೋದು ಕತೆ. ಮನೆಯಲ್ಲಿ ಲಕ್ಕಮ್ಮ ಖುಷಿಪಡಲಿಲ್ಲ. ನಮಗೆ ಬೇಕಾದ್ದಕ್ಕಿಂತ ಇದು ಜಾಸ್ತಿ, ಎಲ್ಲಿಂದ ತಂದಿರೋ ಅಲ್ಲೇ ಹಾಕಿ ಬನ್ನಿ ಅಂದಳು. ಮನೆಯಲ್ಲಿ ನಾಳೆಗೆ ಕಾಳಿಲ್ಲದ ಹೆಣ್ಣುಮಗಳು ಆಡಿದ ಮಾತಿದು. ಮಾರಯ್ಯ ಕದ್ದಿರಲಿಲ್ಲ, ಬಿದ್ದದ್ದನ್ನ ಆಯ್ದಿದ್ದ. ಆದ್ರೂ ಆಕೆಯ ಲೆಕ್ಕದಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ.

ಹಳೇ ಕಾಲದ ಮಾತು ಬಿಡಿ ಸಾರ್, ಈಗ ಯಾರು ಹಾಗಿದ್ದಾರೆ ಅಂತ ನೀವು ಕೇಳ್ತೀರಿ. ಇದ್ದಾರೆ. ಹೊಳಲಿನಿಂದ ತುಂಗಭದ್ರೆ ದಾಟಿ ಗದಗ ಕಡೆ ಹೋದ್ರೆ ಲಕ್ಕುಂಡಿ ಸಿಗುತ್ತೆ. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು. 2026ರ ಜನವರಿಯಲ್ಲಿ ಅಲ್ಲಿ ಒಂದು ಕುಟುಂಬ ಮನೆ ಕಟ್ಟೋಕೆ ಪಾಯ ಅಗೆಸ್ತಿತ್ತು. ಮಣ್ಣಿನಲ್ಲಿ ತಾಮ್ರದ ಒಂದು ಪಾತ್ರೆ ಸಿಕ್ತು. ಒಳಗೆ ಬಂಗಾರದ ಒಡವೆ, ಹತ್ತಿರ ಹತ್ತಿರ ಅರ್ಧ ಕೆಜಿ. ಅದನ್ನ ಮೊದಲು ಕಂಡವನು ಶಾಲೆಗೆ ಹೋಗುವ ಹುಡುಗ. ಬಂಗಾರದ ಇವತ್ತಿನ ದರ ನಿಮಗೆ ಗೊತ್ತು. ಲೆಕ್ಕ ನೀವೇ ಹಾಕಿ. ತಮ್ಮ ಜಾಗದಲ್ಲಿ, ತಮ್ಮ ಮನೆಯ ಪಾಯದಲ್ಲಿ ಸಿಕ್ಕಿದ್ದು. ಆ ಮನೆಯವರು ಅದನ್ನ ಸರ್ಕಾರಕ್ಕೆ ಒಪ್ಪಿಸಿದ್ರು. ಅದು ನಿಧಿಯೋ, ಹಿಂದಿನವರು ಬಚ್ಚಿಟ್ಟ ಮನೆಯ ಒಡವೆಯೋ ಅಂತ ಆಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಒಪ್ಪಿಸುವಾಗ ಆ ಮನೆಯವರು ಅಂಥ ಚರ್ಚೆ ಮಾಡ್ತಾ ಕೂರಲಿಲ್ಲ.

ಬೆಂಗಳೂರಿಗೆ ಬನ್ನಿ. 2023ರ ನವೆಂಬರ್. ನಾಗವಾರದ ಹತ್ತಿರ ರೈಲು ಹಳಿ ಪಕ್ಕ ಚಿಂದಿ ಆಯುವ ಒಬ್ಬನಿಗೆ ಒಂದು ಚೀಲ ಸಿಕ್ತು. ಒಳಗೆ ಅಮೆರಿಕದ ಡಾಲರ್ ನೋಟಿನ ಕಂತೆಗಳು. ಆ ಚೀಲ ಕೊನೆಗೆ ಪೊಲೀಸ್ ಕಮಿಷನರ್ ಕಚೇರಿ ತಲುಪಿತು. ನೋಟುಗಳು ಖೋಟಾ ಅನ್ನೋ ಅನುಮಾನ ಆಮೇಲೆ ಬಂತು. ಇರಲಿ. ನೋಟು ಖೋಟಾ ಇರಬಹುದು, ಅದನ್ನ ಒಪ್ಪಿಸಿದವನ ನಿಯತ್ತು ಖೋಟಾ ಅಲ್ಲವಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬರುವ ಸುದ್ದಿ ಗಮನಿಸಿ. ಪ್ರಾಮಾಣಿಕತೆ ಮೆರೆದ ಆಟೋ ಚಾಲಕ. ಬ್ಯಾಗ್ ಹಿಂದಿರುಗಿಸಿದ ಕಂಡಕ್ಟರ್. ಚಿನ್ನದ ಸರ ಒಪ್ಪಿಸಿದ ಪೌರಕಾರ್ಮಿಕ. ಠಾಣೆಯಲ್ಲಿ ಒಂದು ಶಾಲು, ಒಂದು ಹಾರ, ಒಂದು ಫೋಟೋ. ಪ್ರಾಮಾಣಿಕತೆ ಮೆರೆದ ಕೈಗಾರಿಕೋದ್ಯಮಿ ಅಂತ ನೀವು ಯಾವತ್ತಾದ್ರೂ ಓದಿದ್ದೀರಾ? ಬಡವ ವಾಪಸ್ ಕೊಟ್ಟರೆ ನಮಗೆ ಆಶ್ಚರ್ಯ. ಆ ಆಶ್ಚರ್ಯದೊಳಗೆ ಒಂದು ಅವಮಾನ ಅಡಗಿದೆ. ಬಡವ ಅಂದ್ರೆ ಇಟ್ಟುಕೊಳ್ಳೋನೇ ಅನ್ನೋ ನಂಬಿಕೆ ನಮ್ಮೊಳಗೆ ಇದೆ. ಅದೇ ನಂಬಿಕೆ ಠಾಣೆಯ ಮೇಜಿನ ಹಿಂದೆಯೂ ಕೂತಿರುತ್ತೆ. ಹೊಳಲಿನ ಆ ಹುಡುಗ ಹೆದರಿದ್ದು ಅದಕ್ಕೇ. ಅವನು ಕೆಟ್ಟವನಲ್ಲ. ಕೊಡೋಕೆ ಹೋದವನನ್ನ ಕಳ್ಳನ ಹಾಗೆ ನೋಡ್ತಾರೆ ಅನ್ನೋದು ಅವನ ಲೆಕ್ಕ.

ಜನ ನಿಜವಾಗಿ ಹೇಗೆ ನಡೆದುಕೊಳ್ತಾರೆ ಅನ್ನೋದನ್ನ ಜಗತ್ತಿನ ತುಂಬ ಪರೀಕ್ಷೆ ಮಾಡಿ ನೋಡಿದ್ದಾರೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. 40 ದೇಶ, 355 ನಗರ, 17 ಸಾವಿರಕ್ಕೂ ಹೆಚ್ಚು ಪರ್ಸು. ಭಾರತವೂ ಅದರಲ್ಲಿತ್ತು. ಹೋಟೆಲ್, ಬ್ಯಾಂಕ್, ಅಂಚೆ ಕಚೇರಿ ಇಂಥ ಕಡೆ ಹೋಗಿ, ಇದು ರಸ್ತೆಯಲ್ಲಿ ಸಿಕ್ತು, ನೀವೇ ತಲುಪಿಸಿ ಅಂತ ಕೌಂಟರಿನಲ್ಲಿ ಕೊಟ್ಟು ಬಂದ್ರು. ಕೆಲವು ಪರ್ಸಿನಲ್ಲಿ ದುಡ್ಡಿತ್ತು, ಕೆಲವದರಲ್ಲಿ ಇರಲಿಲ್ಲ. ಎಲ್ಲದರಲ್ಲೂ ಯಜಮಾನನ ಹೆಸರು, ಸಂಪರ್ಕ ವಿಳಾಸ ಇತ್ತು. ಯಾವುದು ಹೆಚ್ಚು ವಾಪಸ್ ಬಂತು ಹೇಳಿ ನೋಡೋಣ?

ದುಡ್ಡಿದ್ದ ಪರ್ಸು! ದುಡ್ಡಿಲ್ಲದ ಪರ್ಸುಗಳಲ್ಲಿ ನೂರಕ್ಕೆ ಸುಮಾರು 40 ವಿಚಾರಿಸಿಕೊಂಡು ಬಂದ್ರೆ, ದುಡ್ಡಿದ್ದದ್ದು 51. ಅಮೆರಿಕ, ಬ್ರಿಟನ್, ಪೋಲೆಂಡ್‌ನಲ್ಲಿ ಇನ್ನೂ ಹೆಚ್ಚು ದುಡ್ಡು ಇಟ್ಟು ನೋಡಿದ್ರು, 72ಕ್ಕೆ ಏರಿತು. ಅರ್ಥಶಾಸ್ತ್ರಜ್ಞರನ್ನ ಮೊದಲೇ ಕೇಳಿದ್ರು, ಅವರ ಅಂದಾಜೂ ತಪ್ಪಾಗಿತ್ತು. ಇನ್ನೊಂದು ಸ್ವಾರಸ್ಯ. ಕೆಲವು ಪರ್ಸಿನಲ್ಲಿ ಒಂದು ಬೀಗದ ಕೈ ಇಟ್ಟಿದ್ರು. ಬೀಗದ ಕೈ ಸಿಕ್ಕವನಿಗೆ ಉಪಯೋಗವಿಲ್ಲ, ಕಳೆದುಕೊಂಡವನಿಗೆ ಬೇಕೇ ಬೇಕು. ಬೀಗದ ಕೈ ಇದ್ದ ಪರ್ಸುಗಳು ಇಲ್ಲದವುಗಳಿಗಿಂತ ಹೆಚ್ಚು ವಾಪಸ್ ಬಂದವು. ಅಂದ್ರೆ ಏನಾಯ್ತು? ಕಳೆದುಕೊಂಡವನು ಕಣ್ಣಮುಂದೆ ಬಂದಾಗ ಮನುಷ್ಯ ಕೊಡ್ತಾನೆ. ಮಲ್ಲಿಗೆ ಕಟ್ಟುತ್ತಿದ್ದ ತಾಯಿ ಹೇಳಿದ್ದೂ ಇದನ್ನೇ. 17 ಸಾವಿರ ಪರ್ಸು ಬೇಕಾಗಿರಲಿಲ್ಲ ಆಕೆಗೆ.

ನಮ್ಮವರೇ ಕೆಟ್ಟವರು ಅಂತ ಬಯ್ಯೋ ಅಭ್ಯಾಸ ನಮಗಿದೆ. 2013ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ 16 ನಗರಗಳಲ್ಲಿ ತಲಾ 12 ಪರ್ಸು ಬೀಳಿಸಿ ನೋಡಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 11 ವಾಪಸ್ ಬಂದವು. ಎರಡನೇ ಸ್ಥಾನ ಯಾವ ಊರಿಗೆ ಗೊತ್ತಾ? ಮುಂಬೈಗೆ. 12ರಲ್ಲಿ 9. ಲಂಡನ್, ಬರ್ಲಿನ್‌ಗಿಂತ ಮುಂದೆ. 12 ಪರ್ಸಿನಿಂದ ಒಂದು ಊರನ್ನ ಅಳೆಯೋಕೆ ಆಗಲ್ಲ, ಒಪ್ತೀನಿ. ಆದ್ರೆ ನಮ್ಮ ಜನರ ಬಗ್ಗೆ ನಾವು ಇಷ್ಟು ಅಪನಂಬಿಕೆ ಇಟ್ಟುಕೊಳ್ಳೋ ಅಗತ್ಯವೂ ಇಲ್ಲ.

ಕೊಡುವ ಮನಸ್ಸು ಜನಕ್ಕಿದೆ. ಹಾಗಾದ್ರೆ ತೊಂದರೆ ಎಲ್ಲಿ? ಕೊಡುವ ಜಾಗದಲ್ಲಿ. ಜಪಾನ್ ನೋಡಿ. ಬೀದಿ ಬೀದಿಗೆ ಪುಟ್ಟ ಪೊಲೀಸ್ ಚೌಕಿ ಇದೆ, ಕೋಬಾನ್ ಅಂತಾರೆ. ಚಿಕ್ಕ ಮಕ್ಕಳು ಸಿಕ್ಕ ನಾಣ್ಯ ಹಿಡಿದು ಅಲ್ಲಿಗೆ ಹೋಗ್ತಾರೆ. ಪೊಲೀಸರು ಅದನ್ನೂ ಬರೆದುಕೊಳ್ತಾರೆ. ಯಜಮಾನ ಸಿಕ್ಕರೆ, ಒಪ್ಪಿಸಿದವನಿಗೆ ಬೆಲೆಯ ನೂರಕ್ಕೆ 5ರಿಂದ 20ರಷ್ಟು ಬಹುಮಾನ ಕೇಳುವ ಹಕ್ಕಿದೆ. ಮೂರು ತಿಂಗಳಲ್ಲಿ ಯಾರೂ ಬರದಿದ್ದರೆ ಸಾಮಾನ್ಯವಾಗಿ ಸಿಕ್ಕವನಿಗೇ ಸೇರುತ್ತೆ. ಅಲ್ಲಿನವರು ಹುಟ್ಟಾ ಸಂತರಲ್ಲ. ಒಳ್ಳೆಯತನಕ್ಕೆ ಅಲ್ಲಿ ಒಂದು ಬಾಗಿಲು ಇದೆ, ಅಷ್ಟೇ.

ನಮ್ಮಲ್ಲೂ ಸಿಕ್ಕವನಿಗೆ ಹಕ್ಕಿದೆ. 1872ರ ಭಾರತೀಯ ಕರಾರು ಕಾಯ್ದೆ ನೋಡಿ. ಸಿಕ್ಕ ವಸ್ತುವನ್ನ ಜೋಪಾನ ಮಾಡೋದು ಸಿಕ್ಕವನ ಹೊಣೆ ಅಂತ 71ನೇ ಕಲಂ ಹೇಳುತ್ತೆ. ಜೋಪಾನ ಮಾಡಿ ಯಜಮಾನನನ್ನ ಹುಡುಕೋಕೆ ಖರ್ಚಾಗಿದ್ದರೆ, ಆ ಖರ್ಚು ಕೊಡುವ ತನಕ ವಸ್ತುವನ್ನ ಇಟ್ಟುಕೊಳ್ಳಬಹುದು, ಯಜಮಾನ ಬಹುಮಾನ ಘೋಷಿಸಿದ್ದರೆ ಅದನ್ನ ಕೇಳಬಹುದು ಅಂತ 168ನೇ ಕಲಂ ಹೇಳುತ್ತೆ. ನೂರೈವತ್ತು ವರ್ಷದ ಹಳೇ ಕಾನೂನು. ಎಷ್ಟು ಜನಕ್ಕೆ ಗೊತ್ತು?

ಈಗ ಕಾಲ ಬದಲಾಗಿದೆ. ಬಗ್ಗಿ ಎತ್ತಿಕೊಳ್ಳುವ ಕಷ್ಟವೂ ಇಲ್ಲ, ದುಡ್ಡು ತಾನೇ ಬಂದು ಖಾತೆಗೆ ಬೀಳುತ್ತೆ. ಯಾರೋ ಒಂದು ಅಂಕಿ ತಪ್ಪಾಗಿ ಒತ್ತಿದ್ರು, ನಿಮ್ಮ ಮೊಬೈಲಿಗೆ ಐದು ಸಾವಿರ ಬಂತು ಅಂತ ಮೆಸೇಜು. ಅದೂ ರಸ್ತೆಯಲ್ಲಿ ಬಿದ್ದ ಪರ್ಸೇ. ನಿಮ್ಮ ಖಾತೆಗೆ ಬಂದ ಮಾತ್ರಕ್ಕೆ ನಿಮ್ಮದಾಗಲ್ಲ. ಆದ್ರೆ ಇಲ್ಲಿ ಒಂದು ಎಚ್ಚರ. ತಪ್ಪಿ ಬಂತು, ವಾಪಸ್ ಕಳಿಸಿ ಅಂತ ಫೋನ್ ಮಾಡಿ ಮೋಸ ಮಾಡುವವರೂ ಇದ್ದಾರೆ. ಆದ್ದರಿಂದ ಮೊದಲು ಖಾತೆ ನೋಡಿ, ಹಣ ನಿಜವಾಗಿ ಬಂದಿದೆಯಾ ಅಂತ. ಬಂದಿದ್ದರೆ ಫೋನ್ ಮಾಡಿದವನು ಹೇಳಿದ ನಂಬರಿಗೆ ಹಾಕಬೇಡಿ. ನಿಮ್ಮ ಬ್ಯಾಂಕಿಗೆ ಹೇಳಿ. ಬಂದ ದಾರಿಯಲ್ಲೇ ಅದು ಹೋಗಲಿ.

ಸರಿ, ನಾಳೆ ನಿಮಗೆ ಏನಾದ್ರೂ ಸಿಕ್ಕರೆ ಏನು ಮಾಡಬೇಕು? ನಾಲ್ಕೇ ಮಾತು ಹೇಳ್ತೀನಿ.

ಮೊದಲನೆಯದು, ಒಬ್ಬರೇ ತೆರೆದು ನೋಡಬೇಡಿ. ಅಂಗಡಿಯವರೋ ಹಿರಿಯರೋ, ಇಬ್ಬರ ಎದುರು ಎಣಿಸಿ, ಬರೆದಿಡಿ. ನಾಳೆ ಉಳಿದದ್ದೆಲ್ಲಿ ಅಂತ ಯಾರೂ ಕೇಳೋಕೆ ಆಗಲ್ಲ.

ಎರಡನೆಯದು, ಒಳಗೇನಿದೆ ಅನ್ನೋದನ್ನ ವಾಟ್ಸಪ್‌ನಲ್ಲಿ ಹಾಕಬೇಡಿ. ಪರ್ಸ್ ಸಿಕ್ಕಿದೆ ಅಂತ ಮಾತ್ರ ಹೇಳಿ. ಬಣ್ಣ ಏನು, ಎಷ್ಟಿತ್ತು, ಯಾವ ಫೋಟೋ ಇತ್ತು ಅನ್ನೋದನ್ನ ಬಂದವರ ಬಾಯಿಂದ ಹೇಳಿಸಿ. ಇಲ್ಲದಿದ್ದರೆ ಒಂದು ಪರ್ಸಿಗೆ ಹತ್ತು ಜನ ಯಜಮಾನರು ಬರ್ತಾರೆ.

ಮೂರನೆಯದು, ಮೊಬೈಲ್ ಸಿಕ್ಕರೆ ಆಫ್ ಮಾಡಬೇಡಿ. ಕರೆ ಬಂದೇ ಬರುತ್ತೆ, ಎತ್ತಿ. ಕಳೆದುಕೊಂಡವರಿಗೂ ಒಂದು ಮಾತು. ಈಗ ಸಂಚಾರ್ ಸಾಥಿ ಪೋರ್ಟಲ್‌ನ ಸಿಇಐಆರ್ ವ್ಯವಸ್ಥೆಯಲ್ಲಿ ದೂರು ಕೊಟ್ಟು ಫೋನ್ ಬ್ಲಾಕ್ ಮಾಡಿಸಬಹುದು. ಅದಕ್ಕೆ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. ಇವತ್ತೇ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ.

ನಾಲ್ಕನೆಯದು, ಠಾಣೆಗೆ ಒಬ್ಬರೇ ಹೋಗೋಕೆ ಹೆದರಿಕೆಯಾದ್ರೆ ಪಂಚಾಯ್ತಿ ಸದಸ್ಯರನ್ನೋ ಮೇಷ್ಟ್ರನ್ನೋ ಕರ್ಕೊಂಡು ಹೋಗಿ. ಒಪ್ಪಿಸಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಕೇಳಿ. ಅದನ್ನ ಕೇಳೋಕೆ ನಾಚಿಕೆ ಬೇಡ.

ಇದು ಜನಕ್ಕೆ ಹೇಳಿದ್ದು. ಅಧಿಕಾರದಲ್ಲಿ ಇರುವವರಿಗೂ ಒಂದು ಮಾತಿದೆ. ಮೈಲಾರ ಇರಲಿ, ಕುರುವತ್ತಿ ಇರಲಿ, ಕೊಟ್ಟೂರು ಇರಲಿ, ಈ ಭಾಗದ ಪ್ರತಿ ದೊಡ್ಡ ಜಾತ್ರೆಯಲ್ಲೂ ಒಂದು ಮೇಜು ಹಾಕಿಸಿ. ಮೇಲೆ ದೊಡ್ಡ ಅಕ್ಷರದಲ್ಲಿ "ಕಳೆದದ್ದು, ಸಿಕ್ಕಿದ್ದು" ಅಂತ ಬೋರ್ಡು. ಒಂದು ರಿಜಿಸ್ಟರು, ಒಂದು ಮೈಕು, ಒಬ್ಬ ಸಿಬ್ಬಂದಿ. ಖರ್ಚೆಷ್ಟು? ಏನೂ ಇಲ್ಲ. ಹುಂಡಿ ಪಕ್ಕದಲ್ಲೇ ಹಾಕಿದ್ರೆ ಇನ್ನೂ ಒಳ್ಳೆಯದು. ಹುಂಡಿಗೆ ಅಂತ ಬಂದ ಕೈ ಆ ಮೇಜಿನ ಕಡೆ ತಿರುಗುತ್ತೆ. ಪೊಲೀಸರಿಗೂ ಅಷ್ಟೇ ಕೇಳ್ಕೊಳ್ತೀನಿ. ವಸ್ತು ಹಿಡಿದು ಬಂದವನಿಗೆ ಮೊದಲು ಕುರ್ಚಿ ಕೊಡಿ, ನೀರು ಕೊಡಿ. ಪ್ರಶ್ನೆ ಆಮೇಲೆ ಕೇಳಿ. ಶಾಲು ಹೊದಿಸದಿದ್ದರೂ ನಡೆಯುತ್ತೆ, ಅನುಮಾನ ಹೊದಿಸಬೇಡಿ.

ಜಾತ್ರೆ ಮುಗಿದು ಜನ ಊರಿಗೆ ಹೊರಡುವ ಹೊತ್ತು. ಎಲ್ಲರೂ ಟ್ರ್ಯಾಕ್ಟರ್ ಹತ್ತಿ ಆಗಿದೆ. ಒಬ್ಬಾಕೆ ಮಾತ್ರ ದಾರಿಯುದ್ದಕ್ಕೂ ನೆಲ ನೋಡ್ತಾ ನಡೀತಿದ್ದಾಳೆ. ಅವಳು ಕಳೆದುಕೊಂಡದ್ದು ನಿಮ್ಮ ಕೈಯಲ್ಲಿದೆ. ನಾಳೆ ಅಂದ್ರೆ ಅವಳು ಯಾವ ಊರಿನವಳೋ, ಯಾವ ದಾರಿಯಲ್ಲಿ ಹೋದಳೋ. ಆದ್ದರಿಂದ ಈಗಲೇ ಕೂಗಿ ಕರೀರಿ.